ಅತ್ತೆಯ ಅರವತ್ನಾಲ್ಕು ಅಕ್ಷರ

ನಮ್ಮ ಅತ್ತೆ ಯಾರನ್ನೂ ನಂಬುವುದಿಲ್ಲ. ಹೀಗೆಂದ ಕೂಡಲೇ ನೀವು, "ಅಯ್ಯೋ ಪಾಪ, ಯಾರೋ ಮೋಸ ಮಾಡಿರಬೇಕು" ಎಂದು ಮರುಗಬೇಡಿ. ಅತ್ತೆಗೆ ಈವರೆಗೆ ಒಬ್ಬರೂ ಮೋಸ ಮಾಡಿಲ್ಲ. ಮಾಡಲು ಅವಳು ಬಿಟ್ಟರೆ ತಾನೆ! ಗೋಡೆಯ ಕ್ಯಾಲೆಂಡರ್ ಇವತ್ತು ಮಂಗಳವಾರ ಎಂದರೆ ಅತ್ತೆ ಅಡುಗೆಮನೆಗೆ ಹೋಗಿ ಇನ್ನೊಂದು ಕ್ಯಾಲೆಂಡರನ್ನು ಕೇಳುತ್ತಾಳೆ. ಎರಡೂ ಕಡೆ ಮಂಗಳವಾರವೇ ಆಗಿದ್ದರೆ ಮಾತ್ರ ನಮ್ಮ ಮನೆಯಲ್ಲಿ ಮಂಗಳವಾರ. ಮೂರನೆಯದೊಂದು ಕಪಾಟಿನಲ್ಲಿದೆ. ಮೊದಲ ಎರಡಕ್ಕೆ ಜಗಳ ಬಂದರೆ ತೀರ್ಪು ಹೇಳುವುದಕ್ಕೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೈದರಾಬಾದಿನ ಕೋಠಿಯಲ್ಲಿ, ಪುಸ್ತಕದ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮೂರಂತಸ್ತಿನ ಹಳೆಯ ಕಟ್ಟಡದ ನಡುವಿನ ಮಹಡಿಯಲ್ಲಿ ಅವಳ ಮನೆ. ಸೇಡಂನಿಂದ ಕೆಲಸ ಹುಡುಕಿಕೊಂಡು ಬಂದ ನನಗೂ ಅದೇ ಮನೆ. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಯಾವ ಕೆಲಸ ಗೊತ್ತೇ? ಜನ ಫೋನ್ ಮಾಡಿ ಒಂದು ಹೆಸರು ಹೇಳುತ್ತಾರೆ, ಇವಳು ದಪ್ಪ ಪುಸ್ತಕ ತೆಗೆದು ಆ ಹೆಸರಿನವರ ನಂಬರ್ ಹೇಳುತ್ತಾಳೆ. ಅಷ್ಟೇ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ತಪ್ಪು ನಂಬರ್ ಹೇಳಿಲ್ಲ ಎಂಬುದು ಅವಳ ಹೆಮ್ಮೆ. ಬೇರೆಯವರು ಮಕ್ಕಳು ಮೊಮ್ಮಕ್ಕಳ ಮಾತು ಆಡುವ ಕಡೆ ಅತ್ತೆ ಈ ಮಾತು ಆಡುತ್ತಾಳೆ.

ಮಕ್ಕಳು ಮೊಮ್ಮಕ್ಕಳು ಇಲ್ಲ, ಏಕೆಂದರೆ ಮದುವೆಯಾಗಿಲ್ಲ. ಏಕೆ ಆಗಲಿಲ್ಲ? ಗಂಡುಗಳೇನೋ ಬಂದವಂತೆ. ಒಬ್ಬನು ಬಿ.ಎ. ಪಾಸು ಎಂದ. ಅತ್ತೆ ಅವನಿಗೆ ಉಪ್ಪಿಟ್ಟು ಚಹಾ ಕೊಟ್ಟು, ಬಾಯಿ ತುಂಬ ಮಾತಾಡಿಸಿ ಕಳಿಸಿ, ಮರುದಿನ ಅವನ ಕಾಲೇಜಿಗೆ ಟ್ರಂಕ್ ಕಾಲ್ ಮಾಡಿ ವಿಚಾರಿಸಿದಳು. ಇಂಗ್ಲಿಷಿನಲ್ಲಿ ಫೇಲಾಗಿದ್ದ! ಇನ್ನೊಬ್ಬನು ತನಗೆ ಇಪ್ಪತ್ತೆಂಟು ವರ್ಷ ಎಂದ. ಅತ್ತೆ ಅವನ ತಮ್ಮನ ವಯಸ್ಸು ಕೇಳಿದಳು. ತಮ್ಮನಿಗೆ ಮೂವತ್ತು. ಮೂರನೆಯವನ ಎಲ್ಲವೂ ಸರಿಯಾಗಿತ್ತಂತೆ. ಆದರೆ ಇವಳು ವಿಚಾರಣೆ ಮುಗಿಸುವಷ್ಟರಲ್ಲಿ ಅವನಿಗೆ ಬೇರೆ ಕಡೆ ಮದುವೆಯಾಗಿ ಕೂಸಿನ ನಾಮಕರಣಕ್ಕೆ ಕಾಗದ ಬಂತು. ಅತ್ತೆ ಆ ನಾಮಕರಣಕ್ಕೆ ಹೋಗಿ ಉಂಡು ಬಂದಳು.

ನಾನು ಮೊದಲ ಸಲ ಹೈದರಾಬಾದಿಗೆ ಬಂದಿಳಿದಾಗ ಅತ್ತೆ ಸ್ಟೇಷನ್ನಿಗೆ ಬಂದಿದ್ದಳು. ನನ್ನ ಮುಖ ಅಚ್ಚು ಅವಳದೇ, ಪಕ್ಕದಲ್ಲಿದ್ದ ಹಮಾಲನೇ "ಅಮ್ಮಾಯಿನಾ?" ಎಂದು, ಅಂದರೆ ಮಗಳೇನಮ್ಮಾ ಎಂದು, ತೆಲುಗಿನಲ್ಲಿ ಕೇಳಿಬಿಟ್ಟ. ಅತ್ತೆ ಮಾತ್ರ ನಾಲ್ಕು ಹೆಜ್ಜೆ ದೂರವೇ ನಿಂತು, "ನಿಮ್ಮಪ್ಪನ ಎಡಗೈ ಹೆಬ್ಬೆಟ್ಟಿಗೆ ಏನಾಗೈತಿ?" ಎಂದು ಕೇಳಿದಳು. "ಸಣ್ಣಾವಿದ್ದಾಗ ಬಾಗಲದಾಗ ಸಿಕ್ಕು ಉಗುರು ಹೋಗೈತಿ" ಎಂದೆ. "ಬಾಗಲ ಹಾಕಿದವರು ಯಾರು?" "ನೀನs!" ಆಗ ಓಡಿ ಬಂದು ಅಪ್ಪಿಕೊಂಡು ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ಗೊಳೋ ಎಂದು ಅತ್ತಳು. ಜನ ಯಾರೋ ಸತ್ತಿದ್ದಾರೆಂದು ತಿಳಿದು ದಾರಿ ಬಿಟ್ಟರು.

ಇಂಥ ಅತ್ತೆಯ ಕೈಗೆ ಇಂಟರ್‌ನೆಟ್ ಸಿಕ್ಕರೆ ಏನಾದೀತು? ಅದೇ ಆಯಿತು.

ಕೆಳಗಿನ ಮಹಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದಾರೆ. ಇಡೀ ಗಲ್ಲಿಗೇ ಅವರು ಖಾಲಾ, ಅಂದರೆ ಚಿಕ್ಕಮ್ಮ. ಒಂದು ದಿನ ಅವರು ರೈಲು ಟಿಕೆಟ್ಟಿನ ಪುಟ ಎಂದುಕೊಂಡು ಬೇರಾವುದೋ ನಕಲಿ ಪುಟಕ್ಕೆ ಹೋಗಿ, ಹೆಸರು, ಹುಟ್ಟಿದ ತಾರೀಖು, ಫೋನ್ ನಂಬರ್ ಎಲ್ಲವನ್ನೂ ಭಕ್ತಿಯಿಂದ ತುಂಬಿ ಬಂದರು. ಆಮೇಲೆ ಅವರಿಗೆ ಬಂದ ಫೋನುಗಳ ಕಥೆ ಕೇಳಬೇಡಿ. "ನಾಮ್ ಸಹೀ ಲಿಖೀ ಥೀ ಆಪಾ, ಫಿರ್ ಭೀ ಗಲತ್ ಘರ್ ಕು ಚಲೇಗಯೀ!" ಎಂದು ಖಾಲಾ ಹಲುಬಿದರು. ಪುಟದ ಹೆಸರು ಸರಿಯಾಗಿ ಬರೆದೂ ತಪ್ಪು ಮನೆಗೆ ಹೋಗುವುದು ಹೇಗೆ? ಅತ್ತೆಗೆ ಇದು ತಲೆಗೆ ಹತ್ತಿತು. ನೇರವಾಗಿ ಮೇಲಿನ ಮಹಡಿಗೆ ನಡೆದಳು.

ಮೇಲಿನ ಮಹಡಿಯಲ್ಲಿ ಐಟಿ ಕಂಪನಿಯ ಒಬ್ಬರು ಬಾಡಿಗೆಗಿದ್ದಾರೆ. ಮೈಸೂರಿನವರು, ಬಲು ಮೆದು ಮಾತಿನ ಮನುಷ್ಯ. ಅವರು ಹೇಳಿದರು: "ಆಂಟಿ, ನಾವು ಟೈಪ್ ಮಾಡೋದು ಹೆಸರು. ಆದ್ರೆ ಕಂಪ್ಯೂಟರ್‌ಗೆ ಹೆಸರು ಗೊತ್ತಾಗಲ್ಲ, ನಂಬರ್ ಬೇಕು. ಈ ಹೆಸರಿನವರ ನಂಬರ್ ಯಾವ್ದು ಅಂತ ಕೇಳಿದ್ರೆ ಹೇಳೋಕೆ ಒಂದು ವ್ಯವಸ್ಥೆ ಇದೆ. ಡಿಎನ್‌ಎಸ್ ಅಂತ. ಅಲ್ಲಿ ಮಧ್ಯೆ ಯಾರಾದ್ರೂ ನುಗ್ಗಿ ತಪ್ಪು ನಂಬರ್ ಹೇಳಿಬಿಟ್ರೆ..."

ಅತ್ತೆ ಕುರ್ಚಿಯಿಂದ ಎದ್ದು ನಿಂತಳು. "ಅದು ನನ್ನ ಸೀಟು!" ಎಂದಳು.

"ಅಂದ್ರೆ?"

"ಹೆಸರು ಕೇಳಿ ನಂಬರ್ ಹೇಳೂದು ನನ್ನ ಸೀಟಿನ ಕೆಲಸ. ಈಗ ಅಲ್ಲೆ ಕುಂತವರು ಯಾರು? ಅವರ ಸೂಪರ್‌ವೈಸರ್ ಯಾರು? ತಪ್ಪ ನಂಬರ್ ಹೇಳಿದ್ರ ಮೆಮೊ ಕೊಡವರು ಯಾರದಾರರಿ?"

ಮೈಸೂರಿನವರು ತಲೆ ಕೆರೆದುಕೊಂಡರು. ಮೆಮೊ ಕೊಡುವವರಿಲ್ಲ, ಆದರೆ ಸಹಿ ಹಾಕುವವರಿದ್ದಾರೆ ಎಂದರು. ಈಗ ಬರುವ ಉತ್ತರಕ್ಕೆ ಒಂದು ಸಹಿ ಇರುತ್ತದಂತೆ. ಆ ಸಹಿ ಅಸಲಿ ಎಂದು ಹೇಳಲು ಅದರ ಮೇಲಿನವರ ಸಹಿ. ಅವರಿಗೆ ಅವರ ಮೇಲಿನವರದು. ಹೀಗೆ ಹೋಗುತ್ತಾ ಹೋಗುತ್ತಾ ಎಲ್ಲಕ್ಕಿಂತ ಮೇಲೆ ಇರುವುದಕ್ಕೆ ರೂಟ್, ಅಂದರೆ ಬೇರು ಎಂದು ಹೆಸರು. "ಬೇರು ಮ್ಯಾಲ ಇರತೈತೇನರಿ?" ಎಂದು ಅತ್ತೆ ಕೇಳಿದಳು. "ಇವರ ಮರ ತಲೆಕೆಳಗು ಆಂಟಿ" ಎಂದರು ಮೈಸೂರಿನವರು.

"ಆತು. ಮತ್ತ ಆ ಬೇರಿಗೆ ಸಹಿ ಹಾಕವರು ಯಾರು?"

"ಅದಕ್ಕೆ ಯಾರೂ ಇಲ್ಲ ಆಂಟಿ. ಅದರ ಮೇಲೆ ಇನ್ಯಾರೂ ಇಲ್ವಲ್ಲ. ಬೇರಿನ ಸಹಿ ಗುರುತಿಸೋ ಕೀಲಿ ಯಾವುದು ಅಂತ ನಾವೇ ಮೊದಲು ತಿಳ್ಕೊಂಡು ನಮ್ಮ ಕಂಪ್ಯೂಟರ್‌ನಲ್ಲಿ ಇಟ್ಕೋಬೇಕು. ಟ್ರಸ್ಟ್ ಆ್ಯಂಕರ್ ಅಂತಾರೆ. ನಂಬಿಕೆಯ ಲಂಗರು ಅನ್ನಿ. ಅದೊಂದನ್ನ ನಂಬಿದ್ರೆ ಮಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡ್ಬಹುದು."

ಅತ್ತೆಗೆ ಎರಡು ದಿನ ಊಟ ಸೇರಲಿಲ್ಲ. ಪರೀಕ್ಷೆಯಿಲ್ಲದೆ ನಂಬಬೇಕಾದ ವಸ್ತುವೊಂದು ಜಗತ್ತಿನಲ್ಲಿದೆ ಎಂಬುದೇ ಅವಳಿಗೆ ಹೊಸ ಸುದ್ದಿ!

ಮೂರನೆಯ ದಿನ ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಯಿಂದ ಅಂಗೈಯಗಲದ ಒಂದು ಕಂಪ್ಯೂಟರ್ ಬಂತು. ಮೈಸೂರಿನವರು ಅದರೊಳಗೆ ಏನೇನೋ ತುಂಬಿಸಿಕೊಟ್ಟರು. ಕಟ್ಟಡದ ಯಾವ ಮನೆಯವರು ಯಾವ ಹೆಸರು ಟೈಪ್ ಮಾಡಿದರೂ ಆ ಪೆಟ್ಟಿಗೆ ನಂಬರ್ ಹುಡುಕಿ, ಸಹಿ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಹೇಳುತ್ತಿತ್ತು. ಸಹಿ ತಪ್ಪಿದರೆ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ಅತ್ತೆ ಅದನ್ನು ದೇವರ ಕಪಾಟಿನ ಪಕ್ಕದಲ್ಲಿ ಇಟ್ಟಳು. ಎಂಟು ಮನೆಗಳಿಗೂ ತಾನೇ ಹೋಗಿ ಹೇಳಿ ಬಂದಳು: ಇನ್ನು ಮೇಲೆ ನಿಮ್ಮ ನಂಬರ್ ನಾನು ಹೇಳುತ್ತೇನೆ. ನಿವೃತ್ತಿಯಾಗಿ ಬಾಡಿಹೋಗಿದ್ದ ಮುಖ ಮತ್ತೆ ಅರಳಿತು. ಸೀಟು ಸಿಕ್ಕಿತ್ತಲ್ಲ!

ಆ ಪೆಟ್ಟಿಗೆಗೆ ಬೇರಿನ ಕೀಲಿ ಮೊದಲೇ ಬಂದಿರುತ್ತದೆ, ಮುಂದೆ ಕೀಲಿ ಬದಲಾದರೆ ತಾನೇ ಬದಲಿಸಿಕೊಳ್ಳುವ ಬುದ್ಧಿಯೂ ಇದೆ ಎಂದು ಮೈಸೂರಿನವರು ಹೇಳಿದರು. ಹಳೆಯ ಕೀಲಿ ಹೊಸದಕ್ಕೆ ಸಹಿ ಹಾಕಿ ಪರಿಚಯ ಮಾಡಿಕೊಡುತ್ತದಂತೆ, ಪೆಟ್ಟಿಗೆ ಮೂವತ್ತು ದಿನ ಅದನ್ನು ಗಮನಿಸಿ ಆಮೇಲೆ ಒಪ್ಪಿಕೊಳ್ಳುತ್ತದಂತೆ. ಅತ್ತೆ ಕಿವಿ ಮುಚ್ಚಿಕೊಂಡಳು. "ತನ್ನ ಹಾಜರಿ ತಾನs ಹಾಕ್ಕೊಳ್ಳೂದೇನು? ನಮ್ಮ ಎಕ್ಸ್‌ಚೇಂಜಿನಾಗ ಹಂಗ ಮಾಡಿದವರನ್ನ ಮನೀಗೆ ಕಳಿಸತಿದ್ರು!" ಎಂದು ಹೇಳಿ, ಕೀಲಿಯ ಕಡತಕ್ಕೆ ಪೆಟ್ಟಿಗೆಯೇ ಕೈ ಹಾಕದ ಹಾಗೆ ಬೀಗ ಹಾಕಿಸಿದಳು. ಕೀಲಿಯ ಗುರುತನ್ನು ತನ್ನ ಕೈಯಾರೆ ಟೈಪ್ ಮಾಡುವುದು ಎಂದಾಯಿತು.

ಗುರುತು ಎಂದರೆ ಅರವತ್ನಾಲ್ಕು ಅಕ್ಷರಗಳ ಒಂದು ಸಾಲು. ಒಂದರಿಂದ ಒಂಬತ್ತು, ಸೊನ್ನೆ, ಮತ್ತು ಇಂಗ್ಲಿಷಿನ ಎ ಇಂದ ಎಫ್ ತನಕ. ಇವೇ ಕಲಸಿಕೊಂಡು ಅರವತ್ನಾಲ್ಕು. ಒಂದು ಹೆಚ್ಚುಕಡಿಮೆಯಾದರೂ ಇಡೀ ಸಾಲು ವ್ಯರ್ಥ. ಅದಕ್ಕೆ ಅತ್ತೆ ಎಕ್ಸ್‌ಚೇಂಜಿನ ಕ್ರಮ ಮಾಡಿದಳು. ಒಬ್ಬರು ಹೇಳಬೇಕು, ಇನ್ನೊಬ್ಬರು ತಾಳೆ ನೋಡಬೇಕು, ಆಮೇಲೆಯೇ ಎಂಟರ್ ಒತ್ತಬೇಕು. ಇಬ್ಬರೂ ಬೇರೆ ಬೇರೆ ಊರು ಅಥವಾ ಬೇರೆ ಬೇರೆ ಲೈನಿನಲ್ಲಿರಬೇಕು, ಇಬ್ಬರ ಧ್ವನಿಯೂ ಅತ್ತೆಗೆ ಗೊತ್ತಿರಬೇಕು. ಹೇಳುವ ಕೆಲಸ ಕಲಬುರಗಿಯಲ್ಲಿರುವ ಅವಳ ಗೆಳತಿಗೆ. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವರು. ತಾಳೆ ನೋಡುವ ಕೆಲಸ ನನಗೆ. ನಾನು ನಾಚಾರಂನಲ್ಲಿ ರಬ್ಬರ್ ವಾಷರ್ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯವಳು. ಸರಿ ಇದೆಯೋ ಇಲ್ಲವೋ ನೋಡುವುದೇ ನನ್ನ ಹೊಟ್ಟೆಪಾಡು!

ಆ ಗೆಳತಿಯರಿಬ್ಬರ ಫೋನ್ ನೀವು ಕೇಳಬೇಕಿತ್ತು. ಅಕ್ಷರ ತಪ್ಪಬಾರದೆಂದು ಊರಿನ ಹೆಸರಲ್ಲಿ, ಎ ಎಂದರೆ ಅಂಬಾಲಾ, ಬಿ ಎಂದರೆ ಬಾಂಬೆ ಎಂದು ಹೇಳುವುದು ಅವರ ಹಳೆಯ ರೂಢಿ. "ಏಳು, ಬಾಂಬೆ, ಎರಡು, ದಿಲ್ಲಿ." ಅತ್ತೆ ನೋಟುಬುಕ್ಕಿಗೆ ಇಳಿಸುತ್ತಾ ತಿರುಗಿ, "ಏಳು, ಬಾಂಬೆ, ಎರಡು, ದಿಲ್ಲಿ. ಮುಂದ?" "ಅಂಬಾಲಾ, ಅಂಬಾಲಾ, ಒಂಬತ್ತು, ಕಲ್ಕತ್ತಾ." ಕಿಟಕಿಯಿಂದ ಹೊರಬಿದ್ದ ಈ ಮಾತು ಕೇಳಿ ಗಲ್ಲಿಯ ಇಸ್ತ್ರಿಯವನು ಎರಡು ದಿನ ಬಿಟ್ಟು ಬಂದು, ತಿರುಪತಿಗೆ ನಾಲ್ಕು ಟಿಕೆಟ್ ಮಾಡಿಸಿಕೊಡ್ತೀರಾ ಅಮ್ಮಾ ಎಂದು ಕೇಳಿದ. ಅತ್ತೆ ಟ್ರಾವೆಲ್ ಏಜೆನ್ಸಿ ಇಟ್ಟಿದ್ದಾಳೆ ಎಂದು ಅವನ ಲೆಕ್ಕ.

ಮೊದಲ ಸಲ ನಾನು ನಿಯತ್ತಾಗಿ ತಾಳೆ ನೋಡಿದೆ. ಅತ್ತೆ ಪರದೆಯ ಫೋಟೊ ಕಳಿಸಿದಳು. ನಾನು ಕಾರ್ಖಾನೆಯ ಕಂಪ್ಯೂಟರಿನಲ್ಲಿ ಅಸಲಿ ಸಾಲು ತೆಗೆದು, ಒಂದೊಂದೇ ಅಕ್ಷರಕ್ಕೆ ಪೆನ್ಸಿಲ್ ತುದಿ ಇಟ್ಟು ನೋಡಿ, "ಸರಿ ಐತಿ ಅತ್ತಿ" ಎಂದು ಫೋನ್ ಮಾಡಿದೆ. ಅವತ್ತು ಅತ್ತೆ ಶಾವಿಗೆ ಪಾಯಸ ಮಾಡಿದ್ದಳು.

ಕೆಲವು ತಿಂಗಳ ಮೇಲೆ, ಬೇರಿನ ಕೀಲಿ ಬದಲಾಗುತ್ತದೆ ಎಂಬ ಪ್ರಕಟಣೆ ಬಂತು. ಹೊಸ ಕೀಲಿಯ ಗುರುತನ್ನು ಹಳೆಯದರ ಕೆಳಗೆ ಈಗಲೇ ಸೇರಿಸಿಟ್ಟುಕೊಳ್ಳಬೇಕು, ಮುಂದೊಂದು ದಿನ ಹಳೆಯದು ನಿಂತು ಹೊಸದು ಶುರುವಾಗುತ್ತದೆ. ಮತ್ತೆ ಕಲಬುರಗಿಗೆ ಫೋನು, ಮತ್ತೆ ಬಾಂಬೆ ದಿಲ್ಲಿ ಅಂಬಾಲಾ. ಮತ್ತೆ ನನಗೆ ಫೋಟೊ.

ಆ ಫೋಟೊ ಬಂದಾಗ ನಾನು ಕಾರ್ಖಾನೆಯ ಗೇಟಿನಲ್ಲಿ ಆಟೋಗೆ ಒಂದು ಕಾಲಿಟ್ಟಿದ್ದೆ. ಜೊತೆಯ ಹುಡುಗಿಯರು ಒಳಗೆ ಕೂತಾಗಿತ್ತು. ಸುಲ್ತಾನ್ ಬಜಾರಿಗೆ ಹೊರಟಿದ್ದೆವು, ನನ್ನ ಸೀರೆಗೆ ಹೊಂದುವ ರವಿಕೆ ಬಟ್ಟೆ ಹುಡುಕಲು. "ರಾವೇ, ಲೇಟ್ ಅವುತುಂದಿ!" ಎಂದು, ಬೇಗ ಬಾರೇ ಎಂದು, ಅವರ ಗದ್ದಲ. ನಾನೇನು ಮಾಡಿದೆ? ನಮ್ಮ ಕಾರ್ಖಾನೆಯಲ್ಲಿ ಮಾಡುವುದನ್ನೇ ಮಾಡಿದೆ! ಅಲ್ಲಿ ವಾಷರಿನ ಡಬ್ಬಿ ಬಂದರೆ ಎಲ್ಲವನ್ನೂ ಯಾರು ನೋಡುತ್ತಾರೆ? ಮೇಲಿನಿಂದ ನಾಲ್ಕು, ತಳದಿಂದ ನಾಲ್ಕು ತೆಗೆದು ಅಳೆದು, ಡಬ್ಬಿಯ ಮೇಲೆ ಪಾಸ್ ಎಂದು ಮುದ್ರೆ ಒತ್ತುತ್ತೇವೆ. ನಾನು ಫೋನಿನಲ್ಲೇ ಅಸಲಿ ಸಾಲು ತೆರೆದು, ಮೊದಲ ನಾಲ್ಕು ಅಕ್ಷರ ನೋಡಿದೆ, ಕೊನೆಯ ನಾಲ್ಕು ನೋಡಿದೆ, ಪಾಸ್ ಮಾಡಿದೆ. "ಅತ್ತಿ, ಎಲ್ಲಾ ಸರಿ ಐತಿ."

"ಆತವ್ವಾ" ಎಂದು ಅತ್ತೆ ಫೋನ್ ಇಟ್ಟಳು. ರವಿಕೆ ಬಟ್ಟೆ ಬಹಳ ಚೆನ್ನಾಗಿ ಹೊಂದಿತು.

ತಮಾಷೆ ಏನೆಂದರೆ ಏನೂ ಆಗಲಿಲ್ಲ. ಹಳೆಯ ಕೀಲಿ ಇನ್ನೂ ನಡೆಯುತ್ತಿತ್ತಲ್ಲ! ವಾರ ಕಳೆಯಿತು, ತಿಂಗಳುಗಳು ಕಳೆದವು, ನನಗೆ ಆ ಅರವತ್ನಾಲ್ಕರ ನೆನಪೂ ಹೋಯಿತು. ಒಂದು ಸುಳ್ಳು ಅಷ್ಟು ದಿನ ದೇವರ ಕಪಾಟಿನ ಪಕ್ಕದಲ್ಲಿ ತಣ್ಣಗೆ ಕೂತಿತ್ತು. ಆಮೇಲೊಂದು ದಿನ ಜಗತ್ತಿನಲ್ಲಿ ಹಳೆಯ ಕೀಲಿ ನಿಂತು ಹೊಸದು ಶುರುವಾಯಿತು. ಅದರ ಬೆನ್ನಿಗೇ ನಮ್ಮ ಕಟ್ಟಡದ ನೆಟ್ ಸತ್ತಿತು.

ನಾನು ನಾಚಾರಂನಲ್ಲಿದ್ದೆ, ಇದೆಲ್ಲ ಆಮೇಲೆ ಕೇಳಿದ್ದು. ಬೆಳಗಿನ ಹನ್ನೊಂದಕ್ಕೆ ಎದುರು ಮನೆಯಾಕೆ ಬಾಗಿಲಿಗೆ ಬಂದು, "ಅಮ್ಮಾ, ನೆಟ್ ರಾವಟ್ಲೇದು!" ಖಾಲಾ ಮೆಟ್ಟಿಲ ಕೆಳಗಿನಿಂದ, "ಆಪಾ, ಬೇಟೀ ಕಾ ವಿಡಿಯೊ ಕಾಲ್ ನೈ ಲಗ್ರಾ!" ಮೈಸೂರಿನವರು ಆಫೀಸಿನ ಮೀಟಿಂಗ್ ಅರ್ಧಕ್ಕೆ ಬಿಟ್ಟು ಓಡಿಬಂದರು. ಯಾರೋ ಪೆಟ್ಟಿಗೆಯನ್ನು ತಟ್ಟಿದರು, ಯಾರೋ ವೈರು ಕಿತ್ತು ಹಾಕಿದರು, ಎದುರು ಮನೆಯಾಕೆ ಅದಕ್ಕೊಂದು ನಿಂಬೆಹಣ್ಣು ನಿವಾಳಿಸಿದಳು. ಪೆಟ್ಟಿಗೆ ಬಾಯಿ ಬಿಡಲಿಲ್ಲ. ಬರುವ ಪ್ರತಿಯೊಂದು ಸಹಿಯೂ ಅದರ ಕಣ್ಣಿಗೆ ಸುಳ್ಳು ಸಹಿ!

"ಆಂಟಿ, ಈ ಪರೀಕ್ಷೆ ಮಾಡೋದನ್ನೇ ಆಫ್ ಮಾಡ್ಬಿಡ್ತೀನಿ. ಒಂದೇ ಸಾಲು. ಈಗಲೇ ನೆಟ್ ಬರುತ್ತೆ" ಎಂದರು ಮೈಸೂರಿನವರು.

"ಬ್ಯಾಡ್ರಿ" ಎಂದಳಂತೆ ಅತ್ತೆ. "ಖರೇ ನಂಬರೋ ಸುಳ್ಳ ನಂಬರೋ ಗೊತ್ತಿಲ್ಲದ ಹೇಳೂಕಿಂತ, ನಂಬರ್ ಸಿಗಲಿಲ್ಲ ಅನ್ನೂದು ಚಲೋ."

ಹೇಳಿ, ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಪರದೆಯ ಮುಂದೆ ಕೂತಳು. ನಾನು ಸಂಜೆ ಐದೂವರೆಗೆ ಮನೆಗೆ ಬಂದಾಗ ಅವಳ ಬೆರಳು ಪರದೆಯ ಮೇಲೆ ಒಂದು ಜಾಗದಲ್ಲಿ ನಿಂತಿತ್ತು. ಸಾಲಿನ ನಡುಮಧ್ಯೆ ಏಳು ನಾಲ್ಕು ಇರಬೇಕಾದಲ್ಲಿ ನಾಲ್ಕು ಏಳು ಎಂದು ಟೈಪ್ ಆಗಿತ್ತು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿ ಹೋಗಿತ್ತು.

"ನೀ ತಾಳೆ ನೋಡಿದ್ದೆಲ್ಲ?" ಎಂದಳು. ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು.

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಎರಡಕ್ಷರ! ನನ್ನ ಬಾಯಿಂದ ಬಂದಿದ್ದು, "ನೋಡಿದ್ನೆಲ್ಲ ಅತ್ತಿ, ಎಲ್ಲಾ ನೋಡಿದ್ನಿ."

ಅತ್ತೆ ನನ್ನನ್ನೇ ಒಂದು ಕ್ಷಣ ನೋಡಿದಳು. "ಹಂಗಾರ ನಾನs ಎಲ್ಯೋ ತಪ್ಪಿರಬೇಕು" ಎಂದು ಎದ್ದು, ತಪ್ಪು ತಿದ್ದಿ, ನೆಟ್ ಬಂದದ್ದನ್ನು ನೋಡಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಗೆ ಹೋದಳು. ಎಂಟು ಬಾಗಿಲು ತಟ್ಟಿದಳು. ಎಂಟೂ ಕಡೆ, "ನನ್ನ ತಪ್ಪು, ಮಾಫ್ ಮಾಡ್ರಿ" ಎಂದಳು. ಕೆಳಗೆ ಹಿಂದಿಯಲ್ಲಿ, ಎದುರಿಗೆ ತೆಲುಗಿನಲ್ಲಿ, ಮೇಲೆ ಕನ್ನಡದಲ್ಲಿ. ನಾನು ಅಡುಗೆಮನೆಯಲ್ಲಿ ನಿಂತು ಒಂದೊಂದೂ ಕೇಳಿಸಿಕೊಂಡೆ. ಆ ವಾರ ಐದು ಮನೆಗಳವರು ಅತ್ತೆಯ ಪೆಟ್ಟಿಗೆಯಿಂದ ಬಿಡಿಸಿಕೊಂಡರು. ಮೂವತ್ತೊಂದು ವರ್ಷ ಒಂದೂ ತಪ್ಪು ಹೇಳಿಲ್ಲ ಎಂಬ ಮಾತನ್ನು ಅತ್ತೆ ಅಲ್ಲಿಂದೀಚೆಗೆ ಆಡಲಿಲ್ಲ.

ನನ್ನನ್ನೂ ಮತ್ತೆ ತಾಳೆ ನೋಡಲು ಕರೆಯಲಿಲ್ಲ. ಅತ್ತೆಗೆ ಆಗಾಗ ಕೀಲಿಯ ಸಾಲನ್ನು ಸುಮ್ಮನೆ ಇನ್ನೊಮ್ಮೆ ಪರೀಕ್ಷಿಸುವ ಚಟ. ಅದಕ್ಕೆಲ್ಲ ಮೈಸೂರಿನವರನ್ನು ಕೂಗುತ್ತಿದ್ದಳು. ನಾನು ಅಲ್ಲೇ ಕೈಗೆಟುಕುವ ದೂರದಲ್ಲಿ ಮೆಂತ್ಯ ಬಿಡಿಸುತ್ತಾ ಕೂತಿದ್ದರೂ ಸರಿ! ಬೇರೆ ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಅದೇ ಪ್ರೀತಿ, ಅದೇ ಬೈಗುಳ, ನನ್ನ ಡಬ್ಬಿಗೆ ಅದೇ ಶೇಂಗಾ ಚಟ್ನಿ. ಅದೊಂದು ಮಾತ್ರ ಇಲ್ಲ. ವರ್ಷಗಳು ಕಳೆದವು. ಕಾರ್ಖಾನೆಯಲ್ಲಿ ನಾನು ಡಬ್ಬಿಯ ಒಂದೊಂದೂ ವಾಷರ್ ಅಳೆಯತೊಡಗಿದೆ. ಮೇಲ್ವಿಚಾರಕರು ಕೈಮುಗಿದು, ಮೇಡಂ, ಲಾರಿ ಕಾಯುತ್ತಿದೆ ಎನ್ನುವಂತಾಯಿತು. ಅತ್ತೆಯ ಮುಂದೆ ಮಾತ್ರ ನಿಜ ಹೇಳುವ ಧೈರ್ಯ ಬರಲಿಲ್ಲ. ಅವಳು ಇನ್ನೊಮ್ಮೆ ನನ್ನನ್ನು ಕೇಳಬೇಕು, ಅವಳ ಆ ನಂಬಿಕೆ ನನಗೆ ತಿರುಗಿ ಸಿಗಬೇಕು ಎಂದು ಎಷ್ಟು ಆಸೆಪಟ್ಟಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು.

ಈಗ ಮತ್ತೆ ಬೇರಿನ ಕೀಲಿ ಬದಲಾಗುವ ಕಾಲ ಬಂದಿದೆ. ಹೊಸ ಗುರುತು ಪ್ರಕಟವಾಯಿತು. ಆದರೆ ಹೇಳುವವರು ಯಾರು? ಕಲಬುರಗಿಯ ಗೆಳತಿ ಹೋದ ವರ್ಷ ತೀರಿಕೊಂಡರು. ಅತ್ತೆ ಅವರ ನಂಬರನ್ನು ಫೋನಿನಿಂದ ಇನ್ನೂ ಅಳಿಸಿಲ್ಲ. ಸಾಲದ್ದಕ್ಕೆ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಬೇರೆ ಆಯಿತು. ಒಂದು ಕಣ್ಣಿಗೆ ಹಸಿರು ಪಟ್ಟಿ, ಇನ್ನೊಂದರ ಸರದಿ ಇನ್ನೂ ಬಂದಿಲ್ಲ, ಅದರಲ್ಲಿ ಎಲ್ಲಾ ಮಂಜು. ಆಪರೇಷನ್ನಿಗೆ ಮೊದಲು ಡಾಕ್ಟರಿಗೂ ಪರೀಕ್ಷೆ ಆಯಿತೆನ್ನಿ. "ಯಾವ ಕಣ್ಣಿಗೆ ಮಾಡತೀರಿ, ನೀವs ಮೊದಲ ಹೇಳ್ರಿ" ಎಂದು ಟೇಬಲ್ ಮೇಲೆ ಮಲಗಿಯೇ ಕೇಳಿದ್ದಾಳೆ!

ಹೇಳುವ ಧ್ವನಿಗಾಗಿ ಅತ್ತೆ ಹುಡುಕಾಟ ನಡೆಸಿದಳು. ಇಸ್ತ್ರಿಯವನನ್ನು ಓದಿಸಿ ನೋಡಿದಳು. ಅವನು ನಾಲ್ಕು ಅಕ್ಷರಕ್ಕೊಮ್ಮೆ ತನ್ನ ಮಗಳ ಸಂಬಂಧದ ವಿಷಯ ತೆಗೆದ. ಖಾಲಾ ಬಂದು ಒಂಬತ್ತು ಅಕ್ಷರ ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದರು. ಮೈಸೂರಿನವರು ತಾಳೆ ನೋಡುವ ಕುರ್ಚಿಯವರು, ಅವರೇ ಹೇಳುವಂತಿಲ್ಲ. ನಾನು ಮೂರು ದಿನ ಆ ಕೋಣೆಯಲ್ಲಿ ಕಾರಣವಿಲ್ಲದೆ ಓಡಾಡಿದೆ. ಧೂಳಿಲ್ಲದ ಕಪಾಟು ಎರಡು ಸಲ ಒರೆಸಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ, ಪಟ್ಟಿಯಿಲ್ಲದ ಕಣ್ಣನ್ನು ನನ್ನ ಕಡೆ ತಿರುಗಿಸಿ, "ನೀ ಓದತೀಯೇನವ್ವಾ?" ಎಂದಳು.

ಫೋನು ತೆಗೆದುಕೊಂಡೆ, ಸಾಲು ತೆರೆದೆ, ಬಾಯಿ ತೆರೆದೆ. ಆದರೆ ಬಂದಿದ್ದು ಅಂಕಿಯಲ್ಲ.

"ಅತ್ತಿ, ಅವತ್ತ ನಾ ತಾಳೆ ನೋಡಿರಲಿಲ್ಲ. ಮೊದಲಿನ ನಾಕು, ಕಡೀವು ನಾಕು ನೋಡಿ ಸರಿ ಐತಿ ಅಂದಿದ್ನಿ. ರವಿಕಿ ಅರಿವಿ ತರಾಕ ಹೊಂಟಿದ್ನಿ. ಆಮ್ಯಾಲೂ ಸುಳ್ಳ ಹೇಳಿದ್ನಿ."

"ಗೊತ್ತೈತಿ" ಎಂದಳು ಅತ್ತೆ.

"ಯಾವಾಗಿಂದ?"

"ಅವತ್ತಿಂದನs. ಫೋಟೋ ಕಳಿಸಿ ಗಡಿಯಾರ ನೋಡಿದ್ನಿ, ನಿನ್ನ ಫೋನ್ ಬಂದಾಗ ಮತ್ತ ನೋಡಿದ್ನಿ. ಒಂದ ನಿಮಿಷ ಆಗಿರಲಿಲ್ಲ. ಅರವತ್ನಾಕು ಅಕ್ಷರಾ ಒಂದ ನಿಮಿಷದಾಗ ಯಾರ ನೋಡತಾರವ್ವಾ?"

"ಮತ್ತ ಗೊತ್ತಿದ್ದೂ ಯಾಕ ಬಿಟ್ಟಿ? ಮತ್ತೊಮ್ಮೆ ನೋಡಬಾರದಾಗಿತ್ತ?"

ಅತ್ತೆ ಸೆರಗಿನ ತುದಿಯಿಂದ ಪಟ್ಟಿಯ ಕೆಳಗೆ ಒತ್ತಿಕೊಂಡಳು. ಕಣ್ಣಿಗೆ ಹಾಕಿದ ಔಷಧವೋ ಏನೋ.

"ನೋಡಬೇಕಂತ ನೋಟ್‌ಬುಕ್ ತಗದಿದ್ನಿ. ಆಮ್ಯಾಲ ಮುಚ್ಚಿಬಿಟ್ನಿ. ನನ್ನ ಸೊಸಿ ಸರಿ ಐತಿ ಅಂದಾಳ. ಜಗತ್ತನ್ನೆಲ್ಲಾ ತಾಳೆ ನೋಡಿದ್ದು ಸಾಕು, ಒಬ್ಬಾಕಿ ಮಾತ ಹಂಗs ನಂಬೋಣು ಅನಿಸ್ತು. ತಪ್ಪಿದ್ರ ತಪ್ಪಲಿ ಅಂದ್ನಿ."

ನನಗೆ ಅಳು ತಡೆಯಲಾಗಲಿಲ್ಲ. "ಹಂಗಾರ ಮತ್ತ ಇಷ್ಟ ವರ್ಷ ನನ್ನ ಯಾಕ ಕೇಳಲಿಲ್ಲ? ನಿನಗ ನನ್ನ ಮ್ಯಾಲ ನಂಬಿಕಿ ಹೋಗೈತಿ ಅಂತ ನಾ..."

"ಹುಚ್ಚಿ! ಕೇಳಿದ್ರ ನಾ ಮತ್ತ ಗಡಿಯಾರ ನೋಡತಿದ್ನಿ. ನೋಡಬಾರದು ಅಂದ್ರೂ ಕಣ್ಣ ಹೋಗತಿತ್ತು, ಮೂವತ್ತೊಂದು ವರ್ಷದ ಚಟ. ಎಲ್ಲಾರ ಮ್ಯಾಲೂ ಗಡಿಯಾರ ಇಡತೀನಿ, ಖರೆ. ನಿನ್ನ ಮ್ಯಾಲ ಇಡೂದು ನನಗ ಬ್ಯಾಡಾಗಿತ್ತು. ಈಗೇನು, ಗಡಿಯಾರ ಕಾಣಂಗೂ ಇಲ್ಲ. ಓದವ್ವಾ ನೀ, ಹೊತ್ತಾತು."

ನಾನು ಮೂಗೊರೆಸಿಕೊಂಡು ಓದಿದೆ. ಒಂದೊಂದೇ ಓದಿದೆ, ಒಂದೊಂದೇ ಟೈಪ್ ಮಾಡಿದೆ, ಪ್ರತಿ ನಾಲ್ಕಕ್ಕೆ ನಿಂತು ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಅತ್ತೆ ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತು, ಗೋಡೆಗೆ ತಲೆಯಾನಿಸಿ, ಸುಮ್ಮನೆ ಕೇಳಿಸಿಕೊಂಡಳು. ಅರವತ್ನಾಲ್ಕನೆಯದನ್ನು ಟೈಪ್ ಮಾಡಿ ಕೈ ಮೇಲೆತ್ತಿದೆ.

"ಆತು ಅತ್ತಿ. ಮೈಸೂರವರಿಗೆ ಫೋಟೊ ಕಳಿಸ್ಲೇನು? ತಾಳೆ ನೋಡ್ಲಿ."

"ಕಳಸು ಮತ್ತ. ರೂಲ್ ಅಂದ್ರ ರೂಲ್" ಎಂದಳು ಅತ್ತೆ. ಹಾಗೆ ಹೇಳುತ್ತಲೇ ಕೈ ಮುಂದೆ ಚಾಚಿ, ಕೀಲಿಮಣೆಯ ಮೇಲೆ ತಡವರಿಸಿ, ಎಂಟರ್ ಎಲ್ಲಿದೆ ಎಂದು ಹುಡುಕಿ, ಒತ್ತಿಬಿಟ್ಟಳು.